ನಾತಕ್ಕೂ ಒಂದು ಸರಿಯಾದ ಹೆಸರು

ಇಂಗ್ಲಿಷ್ ಪಾಠದ ಮೊದಲ ವರ್ಷಗಳಲ್ಲಿಯೇ ಮಕ್ಕಳು ‘ಗುಡ್ ಸ್ಮೆಲ್’, ‘ಬ್ಯಾಡ್ ಸ್ಮೆಲ್’ ಎಂಬ ಎರಡು ನುಡಿಗಳನ್ನು ಕಲಿತುಬಿಡುತ್ತಾರೆ. ಅನೇಕರ ಕಲಿಕೆ ಅಲ್ಲಿಯೇ ನಿಂತುಹೋಗುತ್ತದೆ. ಹಳಸಿದ ಅನ್ನ, ಒದ್ದೆಯಾದ ಗೋಣಿಚೀಲ, ಸತ್ತ ಇಲಿ, ಸೋರುತ್ತಿರುವ ಅಡುಗೆ ಅನಿಲ, ಬಣ್ಣದ ಕಾರ್ಖಾನೆಯ ಕಾಲುವೆ ಎಲ್ಲವೂ ಅವರ ಪಾಲಿಗೆ ‘ಬ್ಯಾಡ್ ಸ್ಮೆಲ್’. ಅದೇ ಮಗುವಿನ ಮನೆಯಲ್ಲಿ ಅಜ್ಜಿಯು ಡಬ್ಬಿಯ ಮುಚ್ಚಳ ತೆರೆದು ಒಮ್ಮೆ ಮೂಸಿ, ಎಣ್ಣೆಯಾದರೆ ‘ಕಮಟು’ ಎನ್ನುತ್ತಾಳೆ, ಅಕ್ಕಿಯಾದರೆ ‘ಮುಗ್ಗಲು’ ಎನ್ನುತ್ತಾಳೆ, ಸಾರಾದರೆ ‘ಹಳಸಿದೆ’ ಎನ್ನುತ್ತಾಳೆ. ಅವಳು ಬಳಸುವ ಒಂದೊಂದು ಮಾತಿನಲ್ಲಿಯೂ ಕೆಟ್ಟಿರುವುದು ಯಾವುದು, ಹೇಗೆ ಕೆಟ್ಟಿದೆ, ಅದನ್ನು ಎಸೆಯಬೇಕೋ ಬಿಸಿಲಿಗೆ ಹಾಕಿದರೆ ಸಾಕೋ ಎಂಬ ತೀರ್ಪು ಅಡಗಿರುತ್ತದೆ. ಇಂಗ್ಲಿಷಿನಲ್ಲಿಯೂ ಇಂತಹ ಪದಗಳಿವೆ. ಅವನ್ನು ಕಲಿಯಲು ನೆಟ್ಟಗಿನ ದಾರಿಯೆಂದರೆ ಅಜ್ಜಿಯ ಈ ಪದಗಳೇ.

ಕುನ್ನತ್ತೂರಿನಂತಹ ಊರಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಇನ್ನೊಂದು ತೊಡಕೂ ಉಂಟು. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ತಮಿಳಿನಲ್ಲಿ ‘ವಾಸನೈ’ ಎಂದರೆ ಸಾಮಾನ್ಯವಾಗಿ ಪರಿಮಳ. ಹೂವಿನ ಅಂಗಡಿಯ ಮುಂದೆ ಆ ಮಾತು ಹೊಗಳಿಕೆ. ಕನ್ನಡದ ಮನೆಯೊಳಗೆ ‘ಏನೋ ವಾಸನೆ ಬರುತ್ತಿದೆ’ ಎಂದರೆ ಎಲ್ಲರೂ ಮೂಗು ಮುಚ್ಚಿಕೊಂಡು ಅದರ ಮೂಲವನ್ನು ಹುಡುಕಲು ಏಳುತ್ತಾರೆ. ಒಂದೇ ಸಂಸ್ಕೃತ ಪದ ಎರಡು ನೆರೆಮನೆಗಳಲ್ಲಿ ಎರಡು ಬಗೆಯ ಬಾಳು ಬಾಳಿದೆ. ‘ನಾತ’ದ ಕಥೆಯೂ ಸ್ವಾರಸ್ಯದ್ದೇ. ಕನ್ನಡದ ‘ನಾರು’ ಎಂಬ ಕ್ರಿಯಾಪದಕ್ಕೂ ತಮಿಳಿನ ‘ನಾಟ್ರಂ’ ಎಂಬುದಕ್ಕೂ ಬೇರು ಒಂದೇ. ಇಂದು ತಮಿಳರ ಬಾಯಲ್ಲಿ ಅದು ದುರ್ಗಂಧ. ಆದರೆ ತಿರುಕ್ಕುರಳಿನಲ್ಲಿ ಮೊಗ್ಗಿನೊಳಗೆ ಅಡಗಿರುವ ಕಂಪನ್ನು ಹೇಳಲು ಬಂದಿರುವುದು ಇದೇ ಪದ. ಆಂಡಾಳ್ ತನ್ನ ‘ನಾಚ್ಚಿಯಾರ್ ತಿರುಮೊಳಿ’ಯಲ್ಲಿ ಕೃಷ್ಣನ ತುಟಿಯ ಪರಿಮಳವನ್ನು ಕುರಿತು ಶಂಖವನ್ನು ಪ್ರಶ್ನಿಸುವಾಗ ಬಳಸಿರುವುದೂ ಇದೇ ಕ್ರಿಯಾಪದವನ್ನು.

ಪದಗಳು ಹೀಗೆ ಇಳಿಜಾರಿನಲ್ಲಿ ಜಾರುವುದು ದ್ರಾವಿಡ ಭಾಷೆಗಳಿಗೆ ಮಾತ್ರ ಸೇರಿದ ವಿಚಾರವಲ್ಲ. ಇಂಗ್ಲಿಷಿನ ‘ಸ್ಟಿಂಕ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಒಳ್ಳೆಯದು ಕೆಟ್ಟದ್ದು ಎನ್ನದೆ ಯಾವುದೇ ಗಂಧವನ್ನು ಬೀರುವುದಕ್ಕೆ ಸಲ್ಲುತ್ತಿತ್ತು. ಇಂದು ಅದು ನಾರುವುದಕ್ಕಷ್ಟೇ ಮೀಸಲು. ಚೀನೀ ಲಿಪಿಯಲ್ಲಿ ಮೂಗಿನ ಚಿಹ್ನೆಯ ಕೆಳಗೆ ನಾಯಿಯ ಚಿಹ್ನೆಯನ್ನು ಬರೆದು ‘ವಾಸನೆ’ ಎಂಬ ಅಕ್ಷರವನ್ನು ಮಾಡಿದರು. ಮೂಸುವುದರಲ್ಲಿ ನಾಯಿಯನ್ನು ಮೀರಿಸುವವರಿಲ್ಲವಷ್ಟೆ. ಮೊದಲು ಎಲ್ಲ ಬಗೆಯ ವಾಸನೆಗೂ ಸಲ್ಲುತ್ತಿದ್ದ ಆ ಅಕ್ಷರಕ್ಕೆ ಇಂದು ದುರ್ವಾಸನೆ ಎಂಬುದೇ ಮುಖ್ಯಾರ್ಥ. ಆದುದರಿಂದ ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗೂ ಕನ್ನಡದ ವಿದ್ಯಾರ್ಥಿಗೂ ಎದುರಾಗುವ ಪ್ರಶ್ನೆ ಒಂದೇ: ತನ್ನ ಭಾಷೆಯ ಒಂದು ದೊಡ್ಡ ಪದವನ್ನು ಇಂಗ್ಲಿಷಿನ ಯಾವ ಯಾವ ಸಣ್ಣ ಪದಗಳಿಗೆ ಹಂಚಬೇಕು?

ಹಂಚಿಕೆಯನ್ನು ಅಡುಗೆಮನೆಯಿಂದಲೇ ಆರಂಭಿಸಬಹುದು. ಕುನ್ನತ್ತೂರಿಗೆ ನೆರೆಯಾದ ಊತ್ತುಕುಳಿಯು ಬೆಣ್ಣೆಗೆ ಹೆಸರುವಾಸಿ. ಬೆಣ್ಣೆ ಹಳತಾದಾಗ ಅದರ ಕೊಬ್ಬು ಒಡೆದು ಆಮ್ಲಗಳು ಬಿಡುಗಡೆಯಾಗುತ್ತವೆ. ಅವುಗಳಲ್ಲಿ ‘ಬ್ಯುಟಿರಿಕ್’ ಎಂಬ ಆಮ್ಲದ ಹೆಸರೇ ಬೆಣ್ಣೆಯ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಆ ವಾಸನೆಯನ್ನು ಕನ್ನಡದಲ್ಲಿ ‘ಕಮಟು’ ಎನ್ನುವರು, ಇಂಗ್ಲಿಷಿನಲ್ಲಿ ‘ರ‍್ಯಾನ್ಸಿಡ್’ ಎನ್ನುವರು. ಎರಡೂ ಪದಗಳು ಮುಖ್ಯವಾಗಿ ಜಿಡ್ಡಿನ ಪದಾರ್ಥಕ್ಕೆ ಸೇರಿದವು: ಬೆಣ್ಣೆ, ಕೊಬ್ಬರಿ, ಕಡಲೆಕಾಯಿ ಎಣ್ಣೆ, ಹಳೆಯ ಚಕ್ಕುಲಿ. ಅನ್ನವನ್ನು ‘ರ‍್ಯಾನ್ಸಿಡ್’ ಎಂದರೆ, ಅನ್ನ ಕಮಟಾಗಿದೆ ಎಂದಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ. ಹಳೆಯದಾಗಿ ತಾಜಾತನ ಕಳೆದುಕೊಂಡ ರೊಟ್ಟಿಗೂ, ಬಹುಕಾಲ ಮುಚ್ಚಿದ್ದ ಕೋಣೆಯ ಗಾಳಿಗೂ ‘ಸ್ಟೇಲ್’ ಎನ್ನುವರು. ಅನ್ನವು ಹಳಸಿ ನೊರೆ ಕಟ್ಟಿದರೆ ಅಥವಾ ಹಾಲು ಒಡೆದು ಹುಳಿಯಾದರೆ ‘ಸವರ್’. ಇವುಗಳ ಅಂತರ ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ: ‘ಸ್ಟೇಲ್’ ರೊಟ್ಟಿಯನ್ನು ಬಿಸಿಮಾಡಿ ತಿನ್ನಬಹುದು, ‘ಸವರ್’ ಆದ ಅನ್ನವನ್ನು ತಿನ್ನಬಾರದು.

ಮೀನು ಮೊಟ್ಟೆಗಳ ‘ನೀಚು’ ವಾಸನೆಗೆ ಇಂಗ್ಲಿಷಿನಲ್ಲಿ ‘ಫಿಶಿ’ ಎಂಬ ಪದವಿದೆ. ಮೀನಿನ ಆ ವಾಸನೆಗೆ ‘ಟ್ರೈಮೀಥೈಲಮೀನ್’ ಎಂಬ ಕ್ಷಾರಗುಣದ ವಸ್ತು ಕಾರಣ. ಹುಣಸೆಹುಳಿಯಲ್ಲಿ ಮೀನನ್ನು ತೊಳೆಯುವ ರೂಢಿಯ ಹಿಂದಿರುವುದು ಆಮ್ಲವು ಕ್ಷಾರವನ್ನು ಅಡಗಿಸುವ ಈ ಸರಳ ರಸಾಯನ ಶಾಸ್ತ್ರ. ‘ಫಿಶಿ’ ಎಂಬುದಕ್ಕೆ ಸಂಶಯಾಸ್ಪದ ಎಂಬ ಅರ್ಥವೂ ಇರುವುದರಿಂದ ಸಂದರ್ಭವನ್ನು ನೋಡಿ ಅರ್ಥಮಾಡಿಕೊಳ್ಳಬೇಕು. ಇನ್ನು ಮಸಾಲೆ ಹುರಿಯುವಾಗ ‘ಹಸಿ ವಾಸನೆ ಹೋಗಬೇಕು’ ಎಂದು ಕನ್ನಡದ, ತಮಿಳಿನ ಅಡುಗೆಯವರೆಲ್ಲ ಹೇಳುವ ಮಾತಿಗೆ ಇಂಗ್ಲಿಷಿನಲ್ಲಿ ರೂಢವಾದ ಒಂಟಿ ಪದ ಸಿಗುವುದಿಲ್ಲ. ‘ರಾ ಸ್ಮೆಲ್’ ಎಂದು ಭಾರತೀಯರೇ ಅದನ್ನು ಕಟ್ಟಿಕೊಂಡರು. ಇಂಗ್ಲಿಷೇ ಬರಿಗೈಯಲ್ಲಿ ನಿಲ್ಲುವ ಎಡೆಗಳೂ ಉಂಟು ಎಂಬುದನ್ನು ಮಕ್ಕಳು ತಿಳಿದಿರುವುದು ಒಳ್ಳೆಯದು.

ಅಡುಗೆಮನೆಯಿಂದ ಉಗ್ರಾಣಕ್ಕೆ ಹೋದರೆ ಸಿಗುವುದು ‘ಮುಗ್ಗಲು’. ತೇವ ಹಿಡಿದ ಅಕ್ಕಿ, ಮಳೆಗಾಲದಲ್ಲಿ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆ, ಗೋಡೆಗೆ ಒರಗಿಸಿಟ್ಟ ಹಳೆಯ ಪುಸ್ತಕ ಇವುಗಳಿಗೆ ‘ಮಸ್ಟಿ’ ಎಂಬ ಪದ ಸಲ್ಲುತ್ತದೆ. ಬೂಷ್ಟು ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ‘ಮೋಲ್ಡಿ’. ಸಸ್ಯವೋ ಮಾಂಸವೋ ಕೊಳೆತು ನಾರಿದರೆ ‘ರಾಟನ್’. ಆ ಕೊಳೆಯುವಿಕೆ ಸಹಿಸಲಾಗದ ಹಂತವನ್ನು ಮುಟ್ಟಿದರೆ ‘ಪ್ಯೂಟ್ರಿಡ್’. ಸತ್ತ ಇಲಿಗೆ, ಕೊಳೆತ ಮಾಂಸಕ್ಕೆ ಇದು ತಕ್ಕ ಪದ.

ಮೂಗನ್ನು ಚುಚ್ಚುವ ವಾಸನೆಗಳ ಗುಂಪೇ ಬೇರೆ. ಒಗ್ಗರಣೆಯ ಮೆಣಸಿನಕಾಯಿಯ ‘ಘಾಟು’ ಇಂಗ್ಲಿಷಿನಲ್ಲಿ ‘ಪಂಜಂಟ್’. ಚುಚ್ಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದ ಯಾವಾಗಲೂ ಬೈಗುಳವಲ್ಲ, ಸಾಸಿವೆಯನ್ನೂ ಬೆಳ್ಳುಳ್ಳಿಯನ್ನೂ ಮೆಚ್ಚಿಕೊಂಡೇ ಹಾಗೆನ್ನಬಹುದು. ಗಂಟಲು ಕೆರೆದು ಕಣ್ಣಲ್ಲಿ ನೀರು ಬರಿಸುವ, ಪ್ಲಾಸ್ಟಿಕ್ ಸುಟ್ಟಂತಹ ಹೊಗೆಗೆ ‘ಆಕ್ರಿಡ್’ ಎನ್ನಬೇಕು. ಕೊಂಗು ನಾಡಿನ ಕನ್ನಡ ಮನೆಗಳಲ್ಲಿ ನೇಕಾರಿಕೆಯ ಹಿನ್ನೆಲೆಯುಳ್ಳವು ಅನೇಕ. ಅಂತಹ ಮನೆಯ ಮಕ್ಕಳು ಸುಟ್ಟ ವಾಸನೆಗಳ ಭೇದವನ್ನು ಹಿರಿಯರಿಂದ ಕೇಳಿ ತಿಳಿಯಬಹುದು. ನೂಲಿನ ಎಳೆಯೊಂದನ್ನು ದೀಪಕ್ಕೆ ಹಿಡಿದಾಗ ಕೂದಲು ಸುಟ್ಟ ಕಮರು ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಅದು ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿಯಾದ ಮಣಿಯಂತಾದರೆ ಪಾಲಿಯೆಸ್ಟರ್. ವಾಸನೆಯೇ ಇಲ್ಲಿ ಸಾಕ್ಷಿ ನುಡಿಯುತ್ತದೆ.

ಇವೆಲ್ಲವೂ ವಾಸನೆಯ ಬಗೆಯನ್ನು ಹೇಳುವ ಪದಗಳು. ಅದರ ತೀವ್ರತೆಯನ್ನು ಹೇಳಲು ಬೇರೊಂದು ಮೆಟ್ಟಿಲ ಸಾಲಿದೆ. ‘ಓಡರ್’ ಎಂಬುದು ಕಚೇರಿಗೂ ವಿಜ್ಞಾನಕ್ಕೂ ಒಗ್ಗುವ ಗಂಭೀರ ಪದ. ‘ಸ್ಟಿಂಕ್’ ಎಂಬುದು ಆಡುಮಾತಿನ ‘ನಾತ’. ‘ಸ್ಟೆಂಚ್’ ಎಂದರೆ ನಿಂತಲ್ಲಿ ನಿಲ್ಲಲಾಗದಂತಹ ಗಬ್ಬು ನಾತ. ‘ರೀಕ್’ ಎಂಬ ಕ್ರಿಯಾಪದಕ್ಕೆ ಮೊದಲು ಹೊಗೆಯಾಡು ಎಂಬ ಅರ್ಥವಿತ್ತು. ಹೊಗೆ ಕವಿದ ಎಡಿನ್‌ಬರೋ ನಗರಕ್ಕೆ ‘ಆಲ್ಡ್ ರೀಕಿ’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಇಂದು ಅದು ಹೊಗೆಯಂತೆಯೇ ಎಲ್ಲೆಡೆ ಹಬ್ಬಿಕೊಂಡ ನಾತಕ್ಕೆ ಸಲ್ಲುತ್ತದೆ. ‘ಫೌಲ್’ ಎಂಬುದು ಹೊಲಸು ನೀರಿಗೂ ಗಾಳಿಗೂ ಒಪ್ಪುವ ವಿಶೇಷಣ.

ಪದಗಳು ಗೊತ್ತಿದ್ದರೂ ವಾಕ್ಯ ಎಡವಿಸುವುದುಂಟು. ಕನ್ನಡದಲ್ಲಿ ‘ನನಗೆ ವಾಸನೆ ಬರುತ್ತಿದೆ’ ಎನ್ನುತ್ತಾರೆ. ವಾಸನೆಯು ತಾನಾಗಿ ಬಂದು ಮೂಗನ್ನು ಮುಟ್ಟುತ್ತದೆ. ಅದನ್ನೇ ಇಂಗ್ಲಿಷಿಗೆ ತರಲು ಹೋದ ವಿದ್ಯಾರ್ಥಿಯು ‘ಐ ಸ್ಮೆಲ್’ ಎಂದು ನಿಲ್ಲಿಸಿದರೆ, ‘ನಾನೇ ನಾರುತ್ತಿದ್ದೇನೆ’ ಎಂಬ ಅರ್ಥ ಬಂದು ತರಗತಿ ನಗುತ್ತದೆ. ‘ಐ ಕ್ಯಾನ್ ಸ್ಮೆಲ್ ಗ್ಯಾಸ್’ ಎಂದು ಮೂಸಿದ ವಸ್ತುವಿನ ಹೆಸರನ್ನೂ ಸೇರಿಸಿದರೆ ಅಪಾಯವಿಲ್ಲ. ‘ಆಫ್’ ಮತ್ತು ‘ಲೈಕ್’ ಎಂಬ ಎರಡು ಸಣ್ಣ ಪದಗಳ ನಡುವೆ ಇನ್ನೂ ಮುಖ್ಯವಾದ ವ್ಯತ್ಯಾಸವಿದೆ. ಕೋಣೆಯು ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿದೆ, ಅಲ್ಲಿ ಸೀಮೆಎಣ್ಣೆ ಇರಬೇಕು ಎನ್ನುವಾಗ ‘ಸ್ಮೆಲ್ಸ್ ಆಫ್ ಕೆರೋಸಿನ್’. ಕಾಲುವೆಯು ಕೊಳೆತ ಮೊಟ್ಟೆಯಂತೆ ನಾರುತ್ತಿದೆ, ಆದರೆ ಅಲ್ಲಿ ಮೊಟ್ಟೆಯಿಲ್ಲ ಎನ್ನುವಾಗ ‘ಸ್ಮೆಲ್ಸ್ ಲೈಕ್ ರಾಟನ್ ಎಗ್ಸ್’. ಮೊದಲನೆಯದು ಮೂಲವನ್ನು ತೋರಿಸುತ್ತದೆ. ಎರಡನೆಯದು ಹೋಲಿಕೆಯನ್ನಷ್ಟೇ ಹೇಳುತ್ತದೆ.

ಈ ಕೊಳೆತ ಮೊಟ್ಟೆಯ ಹೋಲಿಕೆ ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಗಂಧಕಕ್ಕೆ ಆ ಹೆಸರು ಬಂದದ್ದೇ ಗಂಧದಿಂದ. ಅದರ ಸಂಯುಕ್ತಗಳನ್ನು ಮೂಗು ಬಹಳ ಬೇಗ ಗುರುತಿಸುತ್ತದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ನೈಸರ್ಗಿಕ ಅನಿಲವು ಯಾರಿಗೂ ತಿಳಿಯದಂತೆ ಸೋರಿ ಸ್ಫೋಟಿಸಿತು. ಸುಮಾರು 300 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಬಳಿಕ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಾನೂನು ಅಲ್ಲಿ ಬಂದಿತು. ಇಂದು ಮನೆಯ ಸಿಲಿಂಡರಿನ ಅನಿಲಕ್ಕೂ ‘ಈಥೈಲ್ ಮರ್ಕ್ಯಾಪ್ಟನ್’ ಎಂಬ ಗಂಧಕಯುಕ್ತ ವಸ್ತುವನ್ನು ಬೆರೆಸುವುದು ಸೋರಿಕೆ ಮೂಗಿಗೆ ತಿಳಿಯಲೆಂದೇ. ಆ ನಾತ ಬಂದೊಡನೆ ದೀಪದ ಸ್ವಿಚ್ಚನ್ನು ಮುಟ್ಟದೆ, ಬೆಂಕಿ ಹಚ್ಚದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಬಂದು, 1906 ಸಂಖ್ಯೆಗೆ ಕರೆಮಾಡಬೇಕೆಂದು ಪ್ರತಿಯೊಂದು ಮಗುವೂ ತಿಳಿದಿರಬೇಕು.

ಚರಂಡಿ, ಮಲಗುಂಡಿ, ತ್ಯಾಜ್ಯನೀರಿನ ತೊಟ್ಟಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಕಪಟಿ. ಸ್ವಲ್ಪವಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗಕ್ಕೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಮೂಗಿನ ಶಕ್ತಿಯೇ ಕುಂದಿ ವಾಸನೆ ತಿಳಿಯದಾಗುತ್ತದೆ. ನಾತ ನಿಂತಿತು, ಇನ್ನು ಇಳಿಯಬಹುದು ಎಂದು ತೊಟ್ಟಿಗಿಳಿದವನಿಗೆ ಅದೇ ಮೃತ್ಯು. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. 2013ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೂ ಮಲಗುಂಡಿಗೂ ಇಳಿಸಿ ಅಪಾಯಕರವಾಗಿ ಶುಚಿಗೊಳಿಸುವುದನ್ನು ನಿಷೇಧಿಸಿದೆ. ಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಕಾನೂನಿನ ಮುಂದೆಯೂ ನಾತವು ಸಣ್ಣ ವಿಷಯವಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ನುಗ್ಗಿತು. ‘ಗ್ರೇಟ್ ಸ್ಟಿಂಕ್’ ಎಂದು ಚರಿತ್ರೆಯಲ್ಲಿ ಹೆಸರಾದ ಆ ವಿಪತ್ತು ಅದೇ ವರ್ಷ ಲಂಡನ್ನಿನ ಒಳಚರಂಡಿಗೆ ಹಣ ಒದಗಿಸುವ ಕಾಯಿದೆಯನ್ನು ತಂದಿತು. ಭಾರತದಲ್ಲಿ ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ತೆರೆದ ಚರಂಡಿ ಮತ್ತು ಮದ್ಯಸಾರದ ಕಾರ್ಖಾನೆಯ ನಾರುವ ದ್ರವದ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಹಣವಿಲ್ಲವೆಂದು ಪುರಸಭೆ ಹೇಳಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನೆಪವನ್ನು ತಳ್ಳಿಹಾಕಿದರು: ಜನರ ಆರೋಗ್ಯವನ್ನು ಕಾಯುವ ಕರ್ತವ್ಯದಿಂದ ಪುರಸಭೆಯು ಬಡತನದ ಹೆಸರಿನಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ತಿರುಪ್ಪೂರಿನ ನೊಯ್ಯಲ್ ನದಿಯ ವ್ಯಾಜ್ಯ ಈ ಪ್ರದೇಶದ ಮನೆಮನೆಗೂ ತಿಳಿದದ್ದು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ತ್ಯಾಜ್ಯನೀರಿನ ಕೊಳವಾಯಿತು; ರೈತರ ದೀರ್ಘ ಹೋರಾಟದ ಬಳಿಕ, ತ್ಯಾಜ್ಯವನ್ನು ಹೊರಬಿಡದ ವ್ಯವಸ್ಥೆ ಮಾಡಿಕೊಳ್ಳದ ಬಣ್ಣದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆದೇಶಿಸಿತು.

ಇಂದಿನ ಕಾನೂನಿನಲ್ಲಿಯೂ ದಾರಿಗಳಿವೆ. ಆರೋಗ್ಯಕ್ಕೆ ಹಾನಿಯಾಗುವಂತೆ ಗಾಳಿಯನ್ನು ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿನಂತೆ ಅಪರಾಧ. ದಂಡ 1,000 ರೂಪಾಯಿಯವರೆಗೆ. ಅದಕ್ಕಿಂತ ಉಪಯುಕ್ತವಾದುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು: ಸಾರ್ವಜನಿಕ ಉಪದ್ರವವನ್ನು ತೆಗೆಸಿಹಾಕಲು ಜಿಲ್ಲಾ ಮ್ಯಾಜಿಸ್ಟ್ರೇಟರೂ ಉಪವಿಭಾಗದ ಮ್ಯಾಜಿಸ್ಟ್ರೇಟರೂ ಆದೇಶ ಹೊರಡಿಸಬಹುದು. ರತ್ಲಾಮಿನವರು ಹಿಡಿದದ್ದು ಇದೇ ದಾರಿ. ಆಗ ಅದು ಹಳೆಯ ಸಂಹಿತೆಯ 133ನೇ ಕಲಮಾಗಿತ್ತು.

ಅರ್ಜಿಯಲ್ಲಿ ‘ಕೆಟ್ಟ ವಾಸನೆ ಬರುತ್ತಿದೆ’ ಎಂಬ ಒಂದೇ ಸಾಲಿದ್ದರೆ ಅದನ್ನು ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಎಂದಿನಿಂದ, ದಿನದ ಯಾವ ಹೊತ್ತಿನಲ್ಲಿ, ಯಾವ ಕಡೆಯ ಗಾಳಿ ಬೀಸಿದಾಗ, ಯಾವುದರಂತಹ ವಾಸನೆ, ಅದರಿಂದ ಕಣ್ಣು ಉರಿಯುವುದೋ ತಲೆ ನೋಯುವುದೋ ವಾಂತಿಯಾಗುವುದೋ ಎಂಬುದನ್ನೆಲ್ಲ ಬರೆಯಬೇಕು. ಕೊಳೆತ ಮೊಟ್ಟೆಯಂತೆ ಎಂದರೆ ಗಂಧಕದ ಅನಿಲದತ್ತ ಬೆರಳು ತೋರಿದಂತೆ. ಪ್ಲಾಸ್ಟಿಕ್ ಸುಟ್ಟಂತೆ ಎಂದರೆ ಬೇರೆ ತನಿಖೆ. ಸತ್ತ ಪ್ರಾಣಿಯಂತೆ ಎಂದರೆ ಮತ್ತೊಂದು. ತಮಿಳುನಾಡಿನ ಕನ್ನಡಿಗರು ಇದನ್ನು ಕನ್ನಡದಲ್ಲಿಯೇ ಬರೆಯುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ: ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೆಲಸ ಬೇಗ ಸಾಗಲೆಂದು ಜೊತೆಗೆ ತಮಿಳು ಅಥವಾ ಇಂಗ್ಲಿಷ್ ಪ್ರತಿಯನ್ನು ಲಗತ್ತಿಸುವುದು ಜಾಣತನ. ಆ ಪ್ರತಿಯನ್ನು ಬರೆಯುವ ಕೆಲಸ ಮನೆಯ ಶಾಲಾ ಮಗುವಿನ ಪಾಲಿಗೇ ಬರುವುದು ಹೆಚ್ಚು. ಅಲ್ಲಿ ‘ಬ್ಯಾಡ್ ಸ್ಮೆಲ್’ ಸಾಲದು.

ಒಂದು ಎಚ್ಚರಿಕೆಯನ್ನು ಪದಗಳ ಜೊತೆಗೇ ಕಲಿಸಬೇಕು. ‘ಸ್ಟಿಂಕ್’, ‘ರೀಕ್’ ಮುಂತಾದವುಗಳನ್ನು ಮನುಷ್ಯರಿಗೆ ಹಚ್ಚಿದರೆ ಅವು ಬೈಗುಳಗಳಾಗುತ್ತವೆ. ಬಣ್ಣದ ಘಟಕದಿಂದಲೋ, ಚರ್ಮದ ಕೆಲಸದಿಂದಲೋ, ಚರಂಡಿಯ ಕೆಲಸದಿಂದಲೋ ಮನೆಗೆ ಮರಳುವ ತಂದೆ ತಾಯಂದಿರ ಬಟ್ಟೆಗೆ ದುಡಿಮೆಯ ವಾಸನೆ ಅಂಟಿರುತ್ತದೆ; ಅವರ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುತ್ತಾರೆ. ಪದವು ಹೋಗಿ ತಾಗಬೇಕಾದುದು ತೊಟ್ಟಿಯನ್ನು, ಕಾಲುವೆಯನ್ನು, ಅವನ್ನು ಶುಚಿಯಾಗಿಡದವರ ಕರ್ತವ್ಯಲೋಪವನ್ನು.

ಪೋಷಕರು ಈ ವಾರ ಮಾಡಬಹುದಾದ ಕೆಲಸ ಸರಳವಾದುದು. ಮನೆಯ ಹಿರಿಯರು ವಾಸನೆಗಳಿಗೆ ಬಳಸುವ ಎಲ್ಲ ಪದಗಳನ್ನೂ ಮಗುವಿನಿಂದ ಒಂದು ಹಾಳೆಯಲ್ಲಿ ಬರೆಯಿಸಬೇಕು. ಕಮಟು, ಮುಗ್ಗಲು, ಘಾಟು, ಕಮರು, ನೀಚು, ಹಸಿ, ಹಳಸಲು ಎಂದು ಪಟ್ಟಿ ಬೆಳೆಯುತ್ತದೆ. ಮನೆಯಿಂದ ಮನೆಗೆ ಉಚ್ಚಾರ ಬೇರೆಯಾದರೆ ಬೇರೆಯಾಗಿಯೇ ಬರೆಯಲಿ. ಎದುರಿಗೆ ತಮಿಳು ಪದ, ಅದರಾಚೆ ಇಂಗ್ಲಿಷ್ ಪದ. ಇಂಗ್ಲಿಷಿನ ಅಂಕಣದಲ್ಲಿ ಕೆಲವು ಮನೆಗಳು ಖಾಲಿ ಉಳಿಯುತ್ತವೆ. ಕನ್ನಡದ ಅಂಕಣ ಖಾಲಿಯಾಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.